ನಿಂಗಿ ಕೊರೆದ ಕಿಂಡಿಗಳು

ಮಕ್ಕಳೇ, ಕೆರೆಯ ಪಕ್ಕದ ಹೊಂಗೆ ಮರದ ಬುಡದಲ್ಲಿ ಇರುವೆಗಳ ದೊಡ್ಡ ಗೂಡೊಂದಿತ್ತು. ಕಾಳಿಗೊಂದು ಕೋಣೆ, ಮೊಟ್ಟೆಗಳಿಗೊಂದು ಕೋಣೆ, ರಾಣಿಗೊಂದು ಕೋಣೆ. ಪ್ರತಿ ಕೋಣೆಗೂ ಒಂದೇ ಬಾಗಿಲು. ಅದು ನಡುವಿನ ಓಣಿಗೆ ತೆರೆಯುತ್ತಿತ್ತು. ಯಾವುದಾದರೂ ಕೋಣೆ ಕೆಟ್ಟರೆ ಆ ಬಾಗಿಲಿಗೆ ಮಣ್ಣು ಮೆತ್ತಿಬಿಡುತ್ತಿದ್ದರು. ಉಳಿದ ಕೋಣೆಗಳಿಗೆ ಏನೂ ಆಗುತ್ತಿರಲಿಲ್ಲ.

ಗೂಡು ಕಟ್ಟುವ ಕೆಲಸ ನಿಂಗಿ ಎಂಬ ಇರುವೆಯದು. ಕೆಲಸದಲ್ಲಿ ಬಲು ಚುರುಕು, ಮನಸ್ಸೂ ಒಳ್ಳೆಯದು. ಆದರೆ ಯಾರಾದರೂ ಹೊಗಳಿದರೆ ಉಬ್ಬಿಹೋಗುತ್ತಿದ್ದಳು. 'ಆಗಲ್ಲ' ಎನ್ನುವ ಮಾತು ಅವಳ ಬಾಯಿಂದ ಹೊರಡುತ್ತಲೇ ಇರಲಿಲ್ಲ.

ಒಂದು ದಿನ ಮೊಟ್ಟೆ ನೋಡಿಕೊಳ್ಳುವ ಸಾಕವ್ವ ಬಂದಳು. ನಿಂಗಿಯನ್ನು ಸಾಕಿ ಬೆಳೆಸಿದವಳೂ ಅವಳೇ.

"ಕಾಳು ತರೋಕೆ ಓಣಿ ಸುತ್ತಿ ಸುತ್ತಿ ಕಾಲು ಬಿದ್ದುಹೋಯ್ತು ಕಣೇ. ಕಾಳಿನ ಕೋಣೆ ಗೋಡೆಗೆ ಒಂದು ಕಿಂಡಿ ಕೊರೆದುಕೊಡು. ನಿನ್ನಂಥ ಜಾಣೆ ಇನ್ಯಾರಿದ್ದಾರೆ?"

ನಿಂಗಿ ಕೂಡಲೇ ಕೊರೆದುಕೊಟ್ಟಳು.

ಸುದ್ದಿ ಹಬ್ಬಿತು. "ನಮಗೂ ಒಂದು, ನಿಂಗಿ!" "ನಮಗೂ!" ಮಳೆಗಾಲದ ಹೊತ್ತಿಗೆ ಗೋಡೆಗಳೆಲ್ಲ ಜರಡಿಯಾಗಿದ್ದವು. ಎಲ್ಲೆಲ್ಲಿ ಕೊರೆದೆ ಎಂಬುದು ನಿಂಗಿಗೇ ಮರೆತುಹೋಗಿತ್ತು. ಊರೆಲ್ಲ ಮೆಚ್ಚುವಾಗ ನೆನಪಿಟ್ಟುಕೊಳ್ಳುವ ಉಸಾಬರಿ ಅವಳಿಗೇಕೆ?

ಜಡಿಮಳೆ ಹಿಡಿಯಿತು. ಕಾಳಿಗೆ ಬೂಷ್ಟು ಬಂತು. ನಿಂಗಿ ಓಡಿಹೋಗಿ ಬಾಗಿಲಿಗೆ ಮಣ್ಣು ಮೆತ್ತಿದಳು. ಬೂಷ್ಟು ಕಿಂಡಿಯಿಂದ ನುಸುಳಿತು. ಅದನ್ನು ಮುಚ್ಚಿದರೆ ಇನ್ನೊಂದರಿಂದ ಬಂತು. ಮೂರನೆಯ ದಿನ ಮೊಟ್ಟೆಗಳ ಮೇಲೂ ಬಿಳಿ ಬೂಷ್ಟು ಕಾಣಿಸಿತು. ಇನ್ನು ಉಳಿದದ್ದು ರಾಣಿಯ ಕೋಣೆಯೊಂದೇ. ರಾಣಿ ಹೋದರೆ ಗೂಡೇ ಇಲ್ಲ.

ಮೊಟ್ಟೆಗಳ ಕೋಣೆಯಿಂದ ರಾಣಿಯ ಕೋಣೆಗಿದ್ದ ಕಿಂಡಿಯ ಬಳಿ, ರಾಣಿಯ ಕಡೆ ನಿಂತು ನಿಂಗಿ ಕೂಗಿದಳು. "ಸಾಕವ್ವಾ, ಬೇಗ ಈಚೆಗೆ ಬಾ!"

"ನನ್ನ ಮೈಗೂ ಹತ್ತಿದೆ ಮಗಳೇ. ನಾನು ಬಂದರೆ ಅದೂ ಬರುತ್ತೆ. ಮುಚ್ಚಿಬಿಡು."

"ನೀನು ಕೇಳಿದೆ ಅಂತ ತಾನೇ ನಾನು ಕೊರೆದದ್ದು!" ನಿಂಗಿ ಅತ್ತುಬಿಟ್ಟಳು.

"ಕೇಳಿದ್ದು ನನ್ನ ತಪ್ಪೇ. ಆದರೆ ಗೋಡೆ ಯಾಕಿದೆ ಅಂತ ಗೊತ್ತಿದ್ದವಳು ನೀನು. ಒಂದು ಸಲ ಆಗಲ್ಲ ಅನ್ನಬಾರದಿತ್ತಾ?"

ನಿಂಗಿ ಒದ್ದೆ ಮಣ್ಣು ತಂದು ಕಿಂಡಿಯನ್ನೂ ಆ ಕೋಣೆಯ ಬಾಗಿಲನ್ನೂ ಮುಚ್ಚಿದಳು. ರಾಣಿ ಉಳಿದಳು, ಗೂಡೂ ಉಳಿಯಿತು. ಗೋಡೆಯಾಚೆ ಸಾಕವ್ವ ಮೊಟ್ಟೆಗಳನ್ನು ಮಾತಾಡಿಸುವುದು ಇನ್ನೂ ಎರಡು ದಿನ ಕೇಳಿಸಿತು. ಆಮೇಲೆ ಕೇಳಿಸಲಿಲ್ಲ.

ನೀತಿ: ಅನುಕೂಲಕ್ಕೆಂದು ಗೋಡೆ ಕೊರೆಯುವ ಮುನ್ನ, ಆ ಗೋಡೆ ಯಾರನ್ನು ಕಾಯುತ್ತಿದೆ ಎಂದು ಯೋಚಿಸಬೇಕು.