ಅಮೆರಿಕದ ಕಾರಿಗೆ ಸೈಕಲ್ ಬೆಲ್

ಮೈಸೂರಿನಲ್ಲಿ ಹಳೇ ಕಾರುಗಳ ಮೆರವಣಿಗೆಗೆ ಅಮೆರಿಕದ ಒಂದು ಭಾರಿ ಕಾರು ಬಂದಿತ್ತು. ಹಿತ್ತಾಳೆಯ ದೀಪ, ಚರ್ಮದ ಸೀಟು, ದಿವಾನರನ್ನು ಕೂರಿಸಿಕೊಂಡಿದ್ದ ಹೆಮ್ಮೆ. ಬಹಳ ವರ್ಷ ಷೆಡ್ಡಿನಲ್ಲಿ ನಿಂತಿದ್ದು, ಅಂದು ಮತ್ತೆ ರಸ್ತೆಗಿಳಿಯುವುದಿತ್ತು. ಪಕ್ಕದಲ್ಲಿ ಮೆಕ್ಯಾನಿಕ್ ನಂಜುಂಡಯ್ಯನ ಸೈಕಲ್ ನಿಂತಿತ್ತು.

"ಸ್ವಲ್ಪ ದೂರ ನಿಲ್ಲಪ್ಪ," ಎಂದಿತು ಕಾರು. "ನನ್ನ ಮನೆತನ ದೊಡ್ಡದು."

"ಸ್ಟ್ಯಾಂಡ್ ಹಾಕಿದ್ದಾರೆ ಸ್ವಾಮಿ, ಸರಿಯಲಾರೆ," ಎಂದಿತು ಸೈಕಲ್.

ಹೊರಡುವ ಹೊತ್ತಿಗೆ ಕಾರಿನ ಹಾರನ್ನಿನ ರಬ್ಬರ್ ಬುರುಡೆ ಬಿಸಿಲಿಗೆ ಬಿರಿಯಿತು. ಹಾರನ್ ಇಲ್ಲದ ಗಾಡಿಯನ್ನು ಗೇಟಿನಿಂದ ಹೊರಗೆ ಬಿಡುವುದಿಲ್ಲ ಎಂದರು ಪೊಲೀಸರು.

"ನನ್ನ ಬೆಲ್ ತೆಗೆದುಕೊಳ್ಳಿ," ಎಂದಿತು ಸೈಕಲ್.

"ನನಗೆ ಸೈಕಲ್ ಬೆಲ್ಲೇ? ಜನ ನಗುತ್ತಾರೆ!"

"ನಗಲಿ ಬಿಡಿ. ಷೆಡ್ಡಿನಲ್ಲಿ ನಗುವುದಕ್ಕೂ ಯಾರೂ ಇರಲಿಲ್ಲವಲ್ಲ."

ಕಾರು ತಣ್ಣಗಾಯಿತು. ನಂಜುಂಡಯ್ಯ ಬೆಲ್ ಬಿಚ್ಚಿ ತಂದು ಸ್ಟೀರಿಂಗಿನ ಪಕ್ಕದಲ್ಲಿ ತಿರುಪು ಬಿಗಿಯುತ್ತಿದ್ದಾಗ ಕಾರು ಸೈಕಲ್ಲಿಗೆ ಮೆಲ್ಲಗೆ ಹೇಳಿತು: "ಯಾರಿಗೂ ಹೇಳದ ಮಾತು ಒಂದಿದೆ. ನನ್ನನ್ನು ಮಾಡಿದವರು ಮೊದಲು ಸೈಕಲ್ ಮಾಡುತ್ತಿದ್ದರು. ಅದರಲ್ಲಿ ಕೈ ಪಳಗಿದ ಮೇಲೆಯೇ ಕಾರು ಮಾಡಲು ಹೊರಟರು. ಹಾಗೆ ನೋಡಿದರೆ ನೀನು ನನಗೆ ಅಣ್ಣನಾಗಬೇಕು."

"ಹಾಗಾದರೆ ಹೊರಡು ತಮ್ಮ, ಹೊತ್ತಾಯಿತು," ಎಂದಿತು ಸೈಕಲ್.

ಟ್ರಿಣ್ ಟ್ರಿಣ್ ಎನ್ನುತ್ತ ಕಾರು ಗೇಟು ದಾಟಿತು. ಹಿಂದೆಯೇ ನಂಜುಂಡಯ್ಯ ಸೈಕಲ್ ತುಳಿಯುತ್ತ ಹೊರಟ. ಜನ ಬಿದ್ದು ಬಿದ್ದು ನಕ್ಕರು, ನಗುತ್ತಲೇ ಚಪ್ಪಾಳೆ ತಟ್ಟಿದರು. ಕಾರು ಇನ್ನೂ ಜೋರಾಗಿ ಬೆಲ್ ಬಾರಿಸಿತು.

"ದಾರಿ ಬಿಡಿ, ದಾರಿ ಬಿಡಿ! ಹಿಂದೆ ನಮ್ಮಣ್ಣ ಬರುತ್ತಿದ್ದಾನೆ, ಅವನ ಹತ್ತಿರ ಬೆಲ್ ಇಲ್ಲ!"