ದೊರೆಸಾನಿಗೊಂದು ಬೇಟೆನಾಯಿ ಮರಿ

"ಕೇಳಿರಪ್ಪೋ ಕೇಳಿರಿ! ಕೆಂಗಲ್ಲ ಕೋಟೆಯ ದೊರೆ ಜಡಿಯಪ್ಪ ನಾಯಕರ ಅಪ್ಪಣೆ! ಅಸಲಿ ತಳಿಯೆಂದು ಮಾರಿದ ಎರಡು ಬೇಟೆನಾಯಿ ಮರಿಗಳು ದೊರೆಮಗಳು ದೊರೆಸಾನಿ ಚೆನ್ನಾಜಮ್ಮನವರ ತೊಡೆಯ ಮೇಲೆ ಸತ್ತವು. ನಾಯಿ ಬಲ್ಲವರು ಅರಮನೆಗೆ ಬಂದು ಅವರ ಮೂರು ಒಗಟು ಬಿಡಿಸಬೇಕು. ಬಿಡಿಸಿದವನಿಗೆ ಕೇಳಿದ್ದು ಸಿಕ್ಕೀತು, ತಪ್ಪಿದವನ ತಲೆ ಹೋದೀತು. ಅಮಾವಾಸ್ಯೆಯೊಳಗೆ ಯಾರೂ ಬಿಡಿಸದಿದ್ದರೆ ಸೀಮೆಯ ಬೇಟೆನಾಯಿಗಳನ್ನೆಲ್ಲ ಕಡಿಸಲಾಗುವುದು!"

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಸತ್ತದ್ದು ಎರಡು ಮರಿ, ಸಾಯಬೇಕಾದದ್ದು ಸೀಮೆಯ ನಾಯಿಗಳೆಲ್ಲ. ದೊರೆಗಳ ಸಿಟ್ಟಿಗೆ ಲೆಕ್ಕ ಕೇಳುವವರು ಯಾರು?

ಡಂಗುರ ಕುರಿಹಟ್ಟಿಗೂ ಬಂತು. ಅಲ್ಲಿ ಮಾಳಪ್ಪ ಎಂಬ ಕುರುಬರ ಹುಡುಗನಿದ್ದ. ಅವನ ಬೇಟೆನಾಯಿ ಗಂಗಿ ಮರಿ ಹಾಕಿ ನಲವತ್ತು ದಿನವಾಗಿತ್ತು. ತೋಳ ಬಂದರೆ ಮೊದಲು ಎದ್ದು ನಿಲ್ಲುವವಳು ಗಂಗಿ. ಅವಳನ್ನು ಕಡಿಯುತ್ತಾರೆ ಎಂದು ಕೇಳಿದ್ದೇ ಅವನು ಕಂಬಳಿ ಹೆಗಲಿಗೇರಿಸಿದ.

"ಹೋಗಬ್ಯಾಡೋ ನನ್ನಪ್ಪಾ," ಎಂದು ಅವನ ಅವ್ವ ಕಂಬಳಿ ಹಿಡಿದು ಎಳೆದಳು. "ನಾಯಿ ಹೋದ್ರ ಇನ್ನೊಂದು ಬರ್ತದ. ನೀ ಹೋದ್ರ?"

"ನನಗೂ ಅಂಜಿಕಿ ಅದ ಅವ್ವಾ. ಆದ್ರ ಗಂಗಿ ಮಾರಿ ನೋಡಿ ಸುಮ್ನ ಕೂಡಾಕ ಆಗವಲ್ದು," ಎಂದು ಮಾಳಪ್ಪ ಹೊರಟ.

ಆಸ್ಥಾನಕ್ಕೆ ಅವನಿಗಿಂತ ಮೊದಲು ಇಬ್ಬರು ಬಂದಿದ್ದರು. ದೊರೆಯ ಬಲಕ್ಕೆ ದೊರೆಸಾನಿ, ಎಡಕ್ಕೆ ಕತ್ತಿ ಹಿಡಿದ ತಳವಾರ. ಅತ್ತು ಅತ್ತು ದೊರೆಸಾನಿಯ ಕಣ್ಣು ಊದಿದ್ದವು, ದನಿ ಮಾತ್ರ ಕಲ್ಲಾಗಿತ್ತು.

"ಮೊದಲ ಒಗಟು. ಮರಿ ಮಾರುವವನು ಎಲ್ಲಕ್ಕಿಂತ ಮೊದಲು ತೋರಿಸಬೇಕಾದ್ದು, ಆದರೆ ರಾಶಿ ಹೊನ್ನು ಸುರಿದರೂ ಮಾರಬಾರದ್ದು. ಯಾವುದು ಅದು?"

ರೇಷ್ಮೆ ರುಮಾಲಿನ ವ್ಯಾಪಾರಿ ನಕ್ಕ. "ಇಷ್ಟೇನಾ? ಮರಿಯ ವಂಶಾವಳಿ ಕೆತ್ತಿದ ತಾಮ್ರಪಟ, ದೊರೆಸಾನಿ."

"ಸತ್ತ ಎರಡು ಮರಿಗಳಿಗೂ ತಾಮ್ರಪಟವಿತ್ತು. ಬಾಳೆಹಣ್ಣಿನ ಹಾಗೆ ಪೇಟೆಯಲ್ಲಿ ಸಿಗುತ್ತದಂತೆ ಅದು. ಇವನನ್ನು ಸೆರೆಗೆ ಹಾಕಿ. ನಾಳೆ ಬೆಳಗ್ಗೆ ತಲೆ."

ಎರಡನೆಯವನು ಪಕ್ಕದ ಪಾಳೆಯದ ನಾಯಕ. ಮೀಸೆ ತಿರುವಿ, "ಮಾರುವವನ ಮಾನ," ಎಂದ. ಸಭೆ ತಲೆದೂಗಿತು. ದೊರೆಸಾನಿ ತೂಗಲಿಲ್ಲ. "ಮಾನವನ್ನು ಯಾವ ಬುಟ್ಟಿಯಲ್ಲಿ ತಂದು ತೋರಿಸುತ್ತೀರಿ?" ಎಂದಳು. ಮೀಸೆಯೂ ಸೆರೆಗೆ ಹೋಯಿತು.

ಈಗ ಮಾಳಪ್ಪನ ಸರದಿ. ಓಡಿಹೋಗೋಣವೆಂದರೆ ಬಾಗಿಲು ಮುಚ್ಚಿತ್ತು. ಅವನಿಗೆ ಓದು ಬಾರದು, ಗೊತ್ತಿದ್ದದ್ದು ಹಟ್ಟಿಯ ರೂಢಿ ಮಾತ್ರ. ಅದನ್ನೇ ಹೇಳಿದ.

"ಮರಿಗಳ ತಾಯಿರಿ. ನಮ್ಮ ಹಟ್ಟ್ಯಾಗ ಮರಿ ಬೇಕಂತ ಬಂದವ್ರನ್ನ ಮೊದ್ಲು ತಾಯಿ ಮುಂದ ಕೂಡಿಸ್ತೀವ್ರಿ. ತಾಯಿ ಮೈ ನೋಡ್ರಿ, ಗುಣ ನೋಡ್ರಿ, ಮಲಗೋ ಜಾಗ ನೋಡ್ರಿ. ತಾಯಿ ತೋರಿಸದವ ಏನೋ ಮುಚ್ಚಿಟ್ಟಾನ ಅಂತ ತಿಳೀರಿ."

ದೊರೆಸಾನಿ ಮುಂದಕ್ಕೆ ಬಾಗಿದಳು. "ಸರಿ. ಎರಡನೆಯದು. ಬೇಗ ಕೊಟ್ಟರೆ ಮಾರುವವನಿಗೆ ಲಾಭ, ತಡೆದು ಕೊಟ್ಟರೆ ಖರ್ಚು. ಆದರೂ ಒಳ್ಳೆಯವನು ತಡೆದೇ ಕೊಡುತ್ತಾನೆ. ಏನನ್ನು ಕಾಯುತ್ತಾನೆ?"

ತಳವಾರ ಕತ್ತಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಮಾಳಪ್ಪ ಕತ್ತಿಯಿಂದ ಕಣ್ಣು ತೆಗೆದು ದೊರೆಸಾನಿಯತ್ತ ತಿರುಗಿದ.

"ತಾಯಿ ತಾನಾಗೇ ಹಾಲು ಬಿಡಿಸೋದನ್ರಿ. ಎರಡು ತಿಂಗಳು ಬೇಕು. ಅಷ್ಟ್ರಾಗ ಮರಿ ಮುದ್ದಿ ತಿನ್ನೋದು ಕಲೀತದ. ಒಡಹುಟ್ಟಿದವ್ರ ಕೂಡ ಕಚ್ಚಾಡಿ, ಎಷ್ಟು ಕಚ್ಚಿದ್ರ ನೋವಾಗ್ತದ ಅನ್ನೋದೂ ಕಲೀತದ."

ದೊರೆಸಾನಿಯ ಮುಖ ಬಿಳಿಚಿತು. "ನನಗೆ ತಂದ ಮರಿಗಳಿಗೆ ಇನ್ನೂ ಹಲ್ಲೇ ಬಂದಿರಲಿಲ್ಲ," ಎಂದಳು. ಕಣ್ಣೊರೆಸಿಕೊಂಡು ಮುಂದುವರಿದಳು. "ಮೊದಲೆರಡಕ್ಕೆ ಉತ್ತರ ನಮ್ಮ ಮುದಿ ಬೇಟೆಗಾರ ಹೇಳಿಕೊಟ್ಟಿದ್ದ. ಮೂರನೆಯದಕ್ಕೆ ನನಗೂ ಉತ್ತರ ಗೊತ್ತಿಲ್ಲ. ಕೇಳಿದರೆ ತಿಳಿದೀತು. ಒಳ್ಳೆಯವನು ಮರಿ ಕೊಡುವ ಮುಂಚೆ ಒಂದು ಮಾತು ಕೇಳುತ್ತಾನಂತೆ. ನನಗೆ ಮರಿ ಮಾರಿದ ಇಬ್ಬರೂ ಅದನ್ನು ನನ್ನನ್ನು ಕೇಳಲಿಲ್ಲ. ಯಾವ ಮಾತು?"

ಉತ್ತರ ಮಾಳಪ್ಪನಿಗೆ ಗೊತ್ತಿತ್ತು. ಹೆದರಿಕೆ ಹುಟ್ಟಿದ್ದೇ ಅದಕ್ಕೆ. ಹಟ್ಟಿಯಲ್ಲಿ ನೆಂಟರನ್ನು ಕೇಳುವ ಮಾತನ್ನು ದೊರೆಯ ಮಗಳ ಮುಖಕ್ಕೆ ಕೇಳುವುದು ಹೇಗೆ? ಕೇಳಿದರೂ ತಲೆ, ಕೇಳದಿದ್ದರೂ ತಲೆ. ಕಣ್ಣು ಮುಚ್ಚಿ ಕೇಳಿಯೇಬಿಟ್ಟ.

"ನಿಮ್ಮ ಕೈಲಿ ಸಾಕಾಕ ಆಗದಿದ್ರ, ಮರಿ ನನಗ ತಿರುಗಿ ಕೊಡ್ತೀರೇನ್ರಿ?"

"ಎಲಾ ಇವನ!" ಎಂದು ದೊರೆ ಎದ್ದ. ತಳವಾರ ಮುಂದೆ ಬಂದ. ಮಾಳಪ್ಪ ಕುತ್ತಿಗೆ ಕುಗ್ಗಿಸಿದ.

"ನಿಲ್ಲಿ ಅಪ್ಪಾಜಿ!" ದೊರೆಸಾನಿಯ ದನಿ ಒಡೆಯಿತು. "ಎರಡನೆಯ ಮರಿ ಇರುಳೆಲ್ಲ ಅಳುತ್ತಿತ್ತು. ನಾನು ಬೇಸತ್ತು ಕುದುರೆ ಲಾಯಕ್ಕೆ ಕಳಿಸಿದೆ. ಬೆಳಗ್ಗೆ ತರಿಸಿಕೊಂಡಾಗ ಅದಕ್ಕೆ ಉಸಿರಷ್ಟೇ ಇತ್ತು. ತಿರುಗಿ ಕೊಡೋಣವೆಂದರೆ ಮಾರಿದವನ ಊರೇ ಗೊತ್ತಿರಲಿಲ್ಲ. ತಪ್ಪು ಅವನದು ಮಾತ್ರವಲ್ಲ." ತಲೆ ತಗ್ಗಿಸಿ ಅತ್ತಳು. ಇನ್ನು ಯಾರ ತಲೆ ಕಡಿಯುವುದು? ದೊರೆ ಕುಳಿತುಕೊಂಡ.

"ಏನು ಬೇಕು ಕೇಳಪ್ಪ," ಎಂದ.

"ನಾಯಿ ಕಡಿಯೋ ಅಪ್ಪಣೆ ಹಿಂದಕ್ಕ ತಗೋರಿ ಧಣ್ಯಾರ. ಸೆರ್ಯಾಗ ಹಾಕಿದ ಆ ಇಬ್ಬರನ್ನೂ ಮನಿಗೆ ಕಳಸ್ರಿ."

ದೊರೆ ಒಪ್ಪಿದ್ದಲ್ಲದೆ, ಹಟ್ಟಿಯ ಮೇಲಿನ ಹುಲ್ಲುಗುಡ್ಡವನ್ನು ಮಾಳಪ್ಪನ ಕುರಿಗಳಿಗೆ ಉಂಬಳಿ ಬರೆಸಿದ.

"ನನಗೊಂದು ಮರಿ?" ದೊರೆಸಾನಿ ಕೇಳಿದಳು.

ಬೀಸುವ ದೊಣ್ಣೆ ಈಗಷ್ಟೇ ತಪ್ಪಿತ್ತು. ಹೂಂ ಎಂದಿದ್ದರೆ ಸಲೀಸಾಗಿ ಮನೆ ಸೇರಬಹುದಿತ್ತು. ಆದರೆ ಮಾಳಪ್ಪ ಹೂಂ ಎನ್ನಲಿಲ್ಲ. "ಈಗ ಕೊಡಾಂಗಿಲ್ರಿ," ಎಂದ. "ಹೆಣ್ಣು ಕೊಡುವಾಗ ಮನಿ ನೋಡಿದಂಗ ನೋಡಿ ಕೊಡ್ತೀವ್ರಿ ನಾವು. ಇನ್ನ ಇಪ್ಪತ್ತು ದಿನ ಬಿಟ್ಟು ಹಟ್ಟಿಗೆ ಬರ್ರಿ. ತಾಯಿ ನಿಮ್ಮನ್ನ ನೋಡ್ಲಿ."

ಅವಳು ಬಂದಳು. ಪಲ್ಲಕ್ಕಿಯನ್ನು ಹಳ್ಳದ ಆಚೆ ಬಿಟ್ಟು ನಡೆದು ಬಂದಳು. ಗಂಗಿ ಗುರ್ರೆಂದಳು. ದೊರೆಸಾನಿ ಬಿಸಿಲೇರುವ ತನಕ ಗಂಗಿಯ ಮುಂದೆ ಮಣ್ಣಲ್ಲಿ ಕುಳಿತಳು, ಹಟ್ಟಿಯವರು ಕೊಟ್ಟ ರೊಟ್ಟಿ ತಿಂದಳು. ಆಗದಿದ್ದರೆ ತಿರುಗಿ ತಂದುಕೊಡುತ್ತೇನೆಂದು ಮಾಳಪ್ಪನ ಅವ್ವನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಳು. ಆಮೇಲೆಯೇ ಮಾಳಪ್ಪ ಒಂದು ಮರಿಯನ್ನೆತ್ತಿ ಅವಳ ಮಡಿಲಿಗೆ ಹಾಕಿದ.

ಅವಳು ಎರಡೂ ಕೈಯಿಂದ ಮರಿಯನ್ನು ಅವುಚಿಕೊಂಡಳು.

"ಭಯವಾಗುತ್ತದೆ ಮಾಳಪ್ಪ," ಎಂದಳು.

"ಆಗಬೇಕ್ರಿ," ಎಂದ ಅವನು. "ಅದಕ್ಕ ಕೊಡಾಕತ್ತೀನಿ."