ಎದೆಗೆ ಇಳಿದ ಬಳ್ಳಿ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಯಾರಿಗೂ ನಿಧಾನವಾಗಿ ನಡೆಯುವುದು ಗೊತ್ತಿರಲಿಲ್ಲ. ಗಾಳಿ ಓಡುತ್ತಿತ್ತು. ಹೊಳೆ ಓಡುತ್ತಿತ್ತು. ಜನರ ಎದೆಯೊಳಗೆ ಗುಂಡಿಗೆಯೂ ಓಡುತ್ತಿತ್ತು, ದಡದಡ, ದಡದಡ.

ಕೆಂಚವ್ವ ಎಂಬ ತಾಯಿಗೆ ಒಂದು ಕೂಸು ಹುಟ್ಟಿತು. ಅದರ ಗುಂಡಿಗೆ ಎಲ್ಲರಿಗಿಂತ ಜೋರಾಗಿ ಓಡಿತು. ಕೂಸು ಮಲಗಲಿಲ್ಲ. ಹಾಲು ಕೊಟ್ಟರೆ ಹೊಟ್ಟೆ ಒಳಗೆ ಬಿಟ್ಟುಕೊಳ್ಳಲಿಲ್ಲ, ಎಲ್ಲ ಕಕ್ಕಿಬಿಟ್ಟಿತು. ಮೂರು ದಿನಕ್ಕೆ ಅದರ ಅಳು ಬೆಕ್ಕಿನ ಮರಿಯದಷ್ಟೇ ಆಯಿತು.

ಕೆಂಚವ್ವ ಕೂಸನ್ನು ಎದೆಗೆ ಕಟ್ಟಿಕೊಂಡು ಹೊರಗೆ ಓಡಿದಳು.

"ಗಾಳಿಯಪ್ಪಾ, ಇದರ ಗುಂಡಿಗೆಗೆ ಒಂಚೂರು ನಿಧಾನ ಕಲಿಸಪ್ಪಾ."

"ನನಗೇ ಬಾರದ್ದನ್ನ ಏನು ಕಲಿಸಲಿ?" ಅಂತ ಗಾಳಿ ಓಡಿಯೇ ಹೋಯಿತು.

"ಹೊಳೆಯವ್ವಾ, ನೀನಾದರೂ..."

"ಪುರುಸೊತ್ತಿಲ್ಲ ಕಣೇ!" ಹೊಳೆಯೂ ಓಡಿಯೇ ಹೋಯಿತು.

ಅಲ್ಲೊಂದು ಬಳ್ಳಿ ಇತ್ತು. ಮರದಿಂದ ಮರಕ್ಕೆ, ಕಲ್ಲಿನಿಂದ ಕಲ್ಲಿಗೆ ಅಲೆಯುತ್ತಿತ್ತು. ಆಲದ ಮರ ದಿನಾ ಆಡಿಕೊಳ್ಳುತ್ತಿತ್ತು: "ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳೇ, ನಿನ್ನಿಂದ ಯಾರಿಗೆ ಏನು ಉಪಯೋಗ?"

ಆ ಬಳ್ಳಿ ಮೆಲ್ಲಗೆ ಹೇಳಿತು, "ಕೆಂಚವ್ವಾ, ನನಗೆ ಅಲೆಯೋದೊಂದು ಬರುತ್ತೆ. ಕೂಸಿನ ಒಳಗೆ ಹೋಗಿ ನೋಡಲಾ?"

ಕೆಂಚವ್ವ ತಲೆಯಾಡಿಸಿದಳು. ಬಳ್ಳಿ ಕೂಸಿನ ಕಿವಿಯ ಹಿಂದಿನಿಂದ ನುಸುಳಿತು. ಗಂಟಲ ಪಕ್ಕ ಇಳಿಯಿತು. ಗುಂಡಿಗೆಗೆ ಒಂದು ಸುತ್ತು ಸುತ್ತಿಕೊಂಡಿತು.

"ಬಿಡೇ!" ಗುಂಡಿಗೆ ಕೂಗಿತು. "ನಿಂತರೆ ಸತ್ತೇ ಹೋಗ್ತೀನಿ!"

"ನಿಲ್ಲು ಅಂದವರು ಯಾರು ಮಾರಾಯ? ನಡಿ. ಓಡಬೇಡ, ಅಷ್ಟೇ."

ಗುಂಡಿಗೆ ನಾಲ್ಕು ಹೆಜ್ಜೆ ನಡೆಯಿತು. ಬಳ್ಳಿ ಇನ್ನೂ ಕೆಳಗೆ, ಹೊಟ್ಟೆಯ ತನಕ ಇಳಿಯಿತು. ಅಲ್ಲಿ ಬರೀ ಕತ್ತಲೆ. ಬಳ್ಳಿಗೆ ಭಯವಾಯಿತು, ಹಿಡಿತ ಸಡಿಲವಾಯಿತು. ಗುಂಡಿಗೆ ಮತ್ತೆ ದಡದಡ, ದಡದಡ.

"ಕೆಂಚವ್ವಾ! ಹೊರಗೆ ಇದ್ದೀಯಾ?"

"ಇದ್ದೀನಿ! ಇದ್ದೀನಿ! ಇದ್ದೀನಿ!" ಕೆಂಚವ್ವ ಕಿರುಚಿದಳು. ಗುಂಡಿಗೆ ಬೆಚ್ಚಿಬಿದ್ದು ಇನ್ನೂ ಜೋರಾಗಿ ಓಡಿತು.

"ಇದ್ದೀಯಾ?" ಬಳ್ಳಿಯ ದನಿ ಸಣ್ಣದಾಯಿತು. ಕೂಸಿನ ತುಟಿ ನೀಲಿಗಟ್ಟಿತು.

ಕೆಂಚವ್ವನಿಗೆ ಕಿರುಚಲು ಉಸಿರೇ ಉಳಿದಿರಲಿಲ್ಲ. ಕೂಸಿನ ಕತ್ತನ್ನು ತನ್ನ ಗಂಟಲಿಗೆ ಒತ್ತಿಕೊಂಡು, ಬಾಯಿ ಮುಚ್ಚಿಕೊಂಡೇ ಅಂದಳು, "ಹೂಂ..."

ಆ ಸದ್ದಿನ ನಡುಕ ಅವಳ ಗಂಟಲಿನಿಂದ ಕೂಸಿನ ಗಂಟಲಿಗೆ, ಅಲ್ಲಿಂದ ಬಳ್ಳಿಯ ತುದಿಯವರೆಗೂ ಇಳಿಯಿತು.

"ಇದ್ದೀಯಾ?"

"ಹೂಂ..."

"ಈಗಲೂ?"

"ಹೂಂ..."

ಬಳ್ಳಿ ಹಿಡಿತ ಬಿಗಿ ಮಾಡಿತು. ಗುಂಡಿಗೆ ನಡೆಯಿತು. ಹೊಟ್ಟೆ ಬಾಗಿಲು ತೆರೆಯಿತು. ಕೂಸು ಲೊಚಲೊಚ ಹಾಲು ಕುಡಿಯಿತು. ಆಮೇಲೆ ಅದೂ ತನ್ನ ಪುಟ್ಟ ಗಂಟಲಿನಲ್ಲಿ "ಹೂಂ" ಅಂದಿತು.

ಬಳ್ಳಿ ಹೊರಗೆ ಬರಲೇ ಇಲ್ಲ. ಆ ಕೂಸಿನ ಮಕ್ಕಳಲ್ಲಿ, ಮೊಮ್ಮಕ್ಕಳಲ್ಲಿ, ನಿನ್ನಲ್ಲೂ ಇದೆ. ನಿನಗೆ ಗಾಬರಿಯಾದಾಗ ಅದಕ್ಕೂ ಗಾಬರಿ. ಆಗ "ಹೊರಗೆ ಇದ್ದೀಯಾ?" ಅಂತ ಕೇಳುತ್ತೆ.

ಅದಕ್ಕೇ ನೋಡು, ಇವತ್ತಿಗೂ ಕಥೆ ಶುರು ಮಾಡುವಾಗ ಅಜ್ಜಿ "ಹೂಂ ಅನ್ನಬೇಕು" ಅಂತಾಳೆ. ನೀನು ಹೂಂ, ಹೂಂ ಅನ್ನುತ್ತ ಅನ್ನುತ್ತ, ಕಥೆ ಮುಗಿಯುವ ಮೊದಲೇ ನಿದ್ದೆ ಹೋಗಿರುತ್ತೀಯ.